ಯಾರಾದ್ರೂ ನೋಡ್ತಿದ್ದಾರಾ?

ಫುಟ್‌ಪಾತಿನ ಮೇಲೆ ಯಾರೋ ಮಕ್ಕಳು ಚಾಕ್‌ಪೀಸಿನಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು ಹೋಗಿದ್ದರು. ಒಂದು, ಎರಡು, ಆಮೇಲೆ ಜೋಡಿಮನೆ, ಮತ್ತೆ ಒಂಟಿಮನೆ, ಹೀಗೆ ಹತ್ತರವರೆಗೆ, ಕೊನೆಗೊಂದು ಅರ್ಧಚಂದ್ರ. ಏಳರ ಅಂಕಿ ತಿರುಗಾಮುರುಗಾ ಆಗಿತ್ತು. ಆರನೇ ಮನೆಯ ಹತ್ತಿರ ಒಂದು ಚಪ್ಪಟೆ ಕಲ್ಲಿನ ಚೂರು ಬಿದ್ದಿತ್ತು. ಬರೆದವರು ಸುತ್ತಮುತ್ತ ಎಲ್ಲೂ ಇರಲಿಲ್ಲ. ನಾನು ಎದುರಿನ ಬೆಂಚಿನ ಮೇಲೆ ಒಬ್ಬರಿಗಾಗಿ ಕಾಯುತ್ತಾ ಕೂತಿದ್ದೆ. ಅವರು ಬರುವುದು ತಡವಾದ್ದರಿಂದ, ಸುಮಾರು ಒಂದು ಗಂಟೆ ಹೊತ್ತು ಆ ಹತ್ತು ಮನೆಗಳನ್ನೂ ಅವುಗಳ ಮೇಲೆ ಹಾದುಹೋದ ಕಾಲುಗಳನ್ನೂ ನೋಡಲು ಸಿಕ್ಕಿತು.

ಹೆಚ್ಚಿನವರು ಅದನ್ನು ಕಾಣಲೇ ಇಲ್ಲ. ಕಂಡವರಲ್ಲಿ ಕೆಲವರು ಗೆರೆ ತುಳಿಯದೆ ಬದಿಯಿಂದ ಸುತ್ತಿ ಹೋದರು. ಆಗತಾನೇ ಒರೆಸಿದ ನೆಲ ಕಂಡರೆ ಸುತ್ತಿ ಹೋಗುತ್ತೇವಲ್ಲ, ಹಾಗೆ. ಅವರಿಗೆ ಆಟ ಬೇಕಿರಲಿಲ್ಲ, ಯಾರದೋ ಆಟ ಕೆಡಿಸುವ ಮನಸ್ಸೂ ಇರಲಿಲ್ಲ. ಇದೂ ಒಂದು ಬಗೆಯ ಉತ್ತರವೇ ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಆಮೇಲೆ ಒಬ್ಬರು ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲಿ ಫೈಲು. ಮೊದಲ ಮನೆಯ ಹತ್ತಿರ ಹೆಜ್ಜೆ ನಿಧಾನವಾಯಿತು. ಕೆಳಗೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕತ್ತು ಅರ್ಧ ಹೊರಳಿಸಿ ಹಿಂದಕ್ಕೂ ನೋಡಿದರು. ನಾನು ತಟ್ಟನೆ ಫೋನಿನತ್ತ ಮುಖ ಮಾಡಿದೆ. ಅವರು ಕುಂಟಲಿಲ್ಲ. ಆದರೆ ಮುಂದಿನ ಅಷ್ಟೂ ಹೆಜ್ಜೆಗಳನ್ನು ಗೆರೆಗೆ ತಾಗದ ಹಾಗೆ, ಮನೆಗೊಂದರಂತೆ ಅಳೆದು ಇಟ್ಟರು. ಜೋಡಿಮನೆ ಬಂದಾಗ ಎರಡೂ ಕಾಲು ಒಂದು ಕ್ಷಣ ಅಕ್ಕಪಕ್ಕ ನಿಂತವು. ದೂರದಿಂದ ನೋಡುವವರಿಗೆ ಅದು ಬರೀ ನಡಿಗೆ. ಅರ್ಧಚಂದ್ರ ದಾಟಿದ ಮೇಲೆ ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮಾಮೂಲಿ ವೇಗಕ್ಕೆ ಮರಳಿದರು.

ಆ ನಾಲ್ಕು ನೋಟಗಳು ನನ್ನ ತಲೆಯಲ್ಲಿ ಉಳಿದುಬಿಟ್ಟವು. ಮೊದಲನೆಯದು ವಸ್ತುವಿನ ಮೇಲೆ. ಉಳಿದ ಮೂರೂ ಬೇರೆ ಜನರಿಗಾಗಿ. ದಾರಿಯಲ್ಲಿ ಅನಿರೀಕ್ಷಿತವಾಗಿ ಒಂದು ಆಟದ ಸಾಮಾನು ಎದುರಾದಾಗ ದೊಡ್ಡವರು ಏನು ಮಾಡುತ್ತಾರೆ ಅನ್ನುವುದು ತೀರ್ಮಾನವಾಗುವುದು ಆ ಸಾಮಾನನ್ನು ಕಂಡಾಗ ಅಲ್ಲ, ಕಂಡ ಮೇಲೆ ಸುತ್ತ ನೋಡುತ್ತಾರಲ್ಲ, ಆಗ. ಆಸೆ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ ಅಂತ ನಾನು ನಂಬುತ್ತೇನೆ. ಇಲ್ಲದಿರುವುದು ಅಪ್ಪಣೆ.

ನ್ಯೂಯಾರ್ಕಿನ ಬೀದಿಯೊಂದರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಮಾಡಿದ ಪ್ರಯೋಗವೊಂದು 1969ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ತೀರಾ ಸರಳ. ತಮ್ಮ ಕಡೆಯವನೊಬ್ಬನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, ಎದುರು ಕಟ್ಟಡದ ಆರನೇ ಮಹಡಿಯ ಕಿಟಕಿಯನ್ನು ದಿಟ್ಟಿಸುವಂತೆ ಹೇಳಿದರು. ಒಮ್ಮೆ ಒಬ್ಬನೇ, ಇನ್ನೊಮ್ಮೆ ಹಲವರು, ಹೀಗೆ ಹದಿನೈದು ಮಂದಿಯವರೆಗೆ. ಒಬ್ಬನೇ ನಿಂತಿದ್ದಾಗ ದಾರಿಹೋಕರಲ್ಲಿ 100ಕ್ಕೆ 42 ಮಂದಿ ಕತ್ತೆತ್ತಿ ನೋಡಿದರು. ಆದರೆ ನಡಿಗೆ ನಿಲ್ಲಿಸಿ ಅವನ ಪಕ್ಕ ನಿಂತವರು 4 ಮಂದಿ ಮಾತ್ರ. ಹದಿನೈದು ಮಂದಿ ನಿಂತಾಗ ಕತ್ತೆತ್ತಿದವರು 86, ನಿಂತವರು 40.

ಈ ಪ್ರಯೋಗವನ್ನು ಸಾಮಾನ್ಯವಾಗಿ ಕುರಿಮಂದೆಯ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೋಡುವವರು ಹೆಚ್ಚಿದ್ದು ಎರಡು ಪಟ್ಟು, ನಿಲ್ಲುವವರು ಹೆಚ್ಚಿದ್ದು ಹತ್ತು ಪಟ್ಟು. ಒಬ್ಬನೇ ನಿಂತಿದ್ದಾಗಲೂ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಕುತೂಹಲ ಇದ್ದೇ ಇತ್ತು. ಗುಂಪು ಕೊಟ್ಟಿದ್ದು ಮುಖ್ಯವಾಗಿ ನಿಲ್ಲುವ ಧೈರ್ಯವನ್ನು. ಬೀದಿಯಲ್ಲಿ ಕಣ್ಣು ಹಾಯಿಸುವುದಕ್ಕೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ನಿಂತರೆ ಕೊಡಬೇಕು. ನಿಂತದ್ದಷ್ಟೇ ಅಲ್ಲದೆ ಜೋಕಾಲಿ ಹತ್ತಿ ಕೂತರೆ, ಒಂಟಿ ಕಾಲಲ್ಲಿ ಕುಂಟಿದರೆ, ಇನ್ನೂ ಹೆಚ್ಚಿನ ಲೆಕ್ಕ.

ಯಾಕೆ ಹೀಗೆ? ಬೀದಿಯಲ್ಲಿ ನಾವೆಲ್ಲ ಒಂದು ಮೌನ ಒಪ್ಪಂದಕ್ಕೆ ಸಹಿ ಹಾಕಿದವರು. ಎದುರಿಗೆ ಬರುವವರನ್ನು ಒಮ್ಮೆ ನೋಡಿ, ಅವರು ಇದ್ದಾರೆ ಅಂತ ಗುರುತಿಸಿ, ಕಣ್ಣು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದಕ್ಕೊಂದು ಹೆಸರನ್ನೇ ಇಟ್ಟರು. ನೋಡಿಯೂ ನೋಡದಂತಿರುವ ಸೌಜನ್ಯ ಅಂತ ಅದನ್ನು ಕನ್ನಡದಲ್ಲಿ ಹೇಳಬಹುದು. ಇದನ್ನು ನಗರದ ಕಲ್ಲೆದೆ ಅಂತ ಬೈಯುವವರಿದ್ದಾರೆ. ನನ್ನ ಮಟ್ಟಿಗೆ ಇದು ದೊಡ್ಡ ಉಪಕಾರ. ಬೀದಿಯಲ್ಲಿ ಸಾವಿರ ಜನ ನನ್ನನ್ನು ದಿಟ್ಟಿಸಿದರೆ ನಾನು ಮನೆಯಿಂದ ಹೊರಗೇ ಬರಲಾರೆ. ಆದರೆ ಈ ಉಪಕಾರಕ್ಕೆ ಪ್ರತಿಯಾಗಿ ನಾವೂ ಒಂದು ಕೊಡಬೇಕಾಗುತ್ತದೆ: ದಿಟ್ಟಿಸುವಂಥದ್ದೇನನ್ನೂ ಮಾಡದಿರುವುದು. ಇಸ್ತ್ರಿ ಶರ್ಟಿನವರು ಕುಂಟದೆ ಮನೆ ಹಿಡಿದು ನಡೆದದ್ದು ಒಪ್ಪಂದವನ್ನೂ ಮುರಿಯದೆ ಆಸೆಯನ್ನೂ ಬಿಡದೆ ಕಂಡುಕೊಂಡ ದಾರಿ.

ಈ ಒಪ್ಪಂದ ಸಡಿಲವಾಗುವ ಹೊತ್ತನ್ನು ಗಮನಿಸಿದವರು ನಗರ ಜೀವನದ ಅಧ್ಯಯನಕಾರ ವಿಲಿಯಂ ವೈಟ್. 1970ರ ದಶಕದಲ್ಲಿ ಅವರು ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವಾಗ ಮಾತಾಡುತ್ತಾರೆ ಅಂತ ವರ್ಷಗಟ್ಟಲೆ ನೋಡಿದರು. ಪರಿಚಯವಿಲ್ಲದ ಇಬ್ಬರು ಪರಿಚಯದವರಂತೆ ಮಾತಾಡಬೇಕಾದರೆ ಅವರ ನಡುವೆ ಮೂರನೆಯದೊಂದು ಇರಬೇಕು ಅನ್ನುವುದು ಅವರು ಕಂಡ ಸಂಗತಿ. ಬೀದಿ ಕಲಾವಿದನೋ, ವಿಚಿತ್ರವಾದ ಶಿಲ್ಪವೋ, ಏನೋ ಒಂದು. ಇಬ್ಬರೂ ಅದರ ಕಡೆ ನೋಡುತ್ತಾರೆ, ಆಮೇಲೆ ಪರಸ್ಪರ ನೋಡುತ್ತಾರೆ, ಮಾತು ತಾನಾಗಿ ಬರುತ್ತದೆ. ಇದನ್ನು ಅವರು ತ್ರಿಕೋನದ ಲೆಕ್ಕದಲ್ಲಿ ವಿವರಿಸಿದರು.

ನನ್ನ ಬೆಂಚಿನ ಎದುರಿಗೆ ಆ ತ್ರಿಕೋನ ಮೂಡಿದ್ದು ಅರ್ಧ ಗಂಟೆ ಕಳೆದ ಮೇಲೆ. ಆರೇಳು ವರ್ಷದ ಹುಡುಗಿಯೊಬ್ಬಳು ತಾತನ ಕೈ ಹಿಡಿದು ಬರುತ್ತಿದ್ದವಳು ಗಕ್ಕನೆ ನಿಂತಳು. ಸುತ್ತಮುತ್ತ ನೋಡಲಿಲ್ಲ. ಅವಳಿಗೆ ಮೊದಲ ನೋಟವೊಂದೇ ಸಾಕು.

"ತಾತ, ಆಡ್ಲಾ?"

"ಆಡು. ಬ್ಯಾಗ್ ಕೊಡಿಲ್ಲಿ."

ಅವಳು ಹೋಗಿ ಬಂದಳು, ಗಟ್ಟಿಯಾಗಿ ಎಣಿಸುತ್ತಾ. ಆಮೇಲೆ ತಿರುಗಿ, "ಈಗ ನೀನು" ಅಂದಳು.

"ನನ್ನ ಮಂಡಿ ಕೇಳಲ್ಲ ಪುಟ್ಟಿ."

ಅವಳು ಒಂದು ಗಳಿಗೆ ಯೋಚಿಸಿದಳು. "ಕುಂಟ್ಬೇಡ. ನಡಿ ಸಾಕು. ಗೆರೆ ಮಾತ್ರ ತುಳೀಬಾರ್ದು."

ಆಟದ ನಿಯಮವನ್ನೇ ಅವಳು ಆ ಮಂಡಿಗೆ ಹೊಂದಿಸಿದಳು. ಅವರು ನಡೆದರು, ಒಂದೊಂದೇ ಮನೆ. ಅಷ್ಟರಲ್ಲಿ ಹಿಂದಿನಿಂದ ಬಂದ ಯುವತಿಯೊಬ್ಬಳು ದಾರಿಗಾಗಿ ಕಾಯುತ್ತಾ ನಿಂತಿದ್ದಳು. ಹುಡುಗಿ ಅವಳ ಕಡೆ ತಿರುಗಿ, ಸರದಿ ಬಂತು ಅನ್ನುವ ಹಾಗೆ, "ಅಕ್ಕ, ನೀವು" ಅಂದಳು. ಯುವತಿ ಸುತ್ತ ನೋಡಿದಳು. ಈ ಸಲ ಆ ನೋಟಕ್ಕೆ ಸಿಕ್ಕಿದ್ದು ನಗುತ್ತಾ ನಿಂತ ಒಬ್ಬರು ಹಿರಿಯರು ಮತ್ತು ಅವಸರಪಡಿಸುತ್ತಿದ್ದ ಒಂದು ಮಗು. ಅವಳು ಹೆಗಲಿನ ಬ್ಯಾಗನ್ನು ಬಿಚ್ಚಿ, ಎಂದೂ ಕಂಡಿರದ ಆ ತಾತನ ಕೈಗೆ ಕೊಟ್ಟಳು. ಪರ್ಸು, ಮನೆಯ ಕೀಲಿ, ಎಲ್ಲ ಅದರಲ್ಲೇ ಇದ್ದಿರಬೇಕು. ಇವರು ಅದನ್ನು ಮೊಮ್ಮಗಳ ಬ್ಯಾಗಿನ ಜೊತೆಗೆ ಹಿಡಿದುಕೊಂಡರು. ಐದನೇ ಮನೆಯಲ್ಲಿ ಯುವತಿಯ ಕಾಲು ಜಾರಿತು, ಮೂವರೂ ಒಟ್ಟಿಗೆ "ಅಯ್ಯೋ" ಅಂದರು.

ಮಗು ಇಲ್ಲಿ ಮಾಡಿದ್ದು ನೆಪ ಒದಗಿಸುವ ಕೆಲಸ. ನೆಪ ಅನ್ನುವ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ, ಸುಳ್ಳಿನ ಚಿಕ್ಕ ತಮ್ಮನ ಹಾಗೆ. ಸಾರ್ವಜನಿಕ ಜಾಗದ ಆಟಕ್ಕೆ ಮಾತ್ರ ಅದು ಪ್ರಾಣ. ಒಳ್ಳೆಯ ವಿನ್ಯಾಸಕಾರರು ಇದನ್ನು ಬಲ್ಲರು. ಸ್ಟಾಕ್‌ಹೋಮಿನ ಊಡೆನ್‌ಪ್ಲಾನ್ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನು 2009ರಲ್ಲಿ ಪಿಯಾನೋದ ಕೀಲಿಗಳಂತೆ ಮಾಡಿದರು, ಕಾಲಿಟ್ಟರೆ ಸ್ವರ ಬರುವ ಹಾಗೆ. ಅದು ಒಂದು ಕಾರು ಕಂಪನಿಯ ಪ್ರಚಾರದ ಭಾಗ. ಪಕ್ಕದ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದವರು ಮಾಮೂಲಿಗಿಂತ ಶೇಕಡಾ 66ರಷ್ಟು ಹೆಚ್ಚಾದರು ಅನ್ನುವುದು ಅವರದೇ ಲೆಕ್ಕ. ಅಂಕಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಆಟವನ್ನು ಎಲ್ಲಿ ಇಟ್ಟರು ಅನ್ನುವುದು. ಜನ ಹೇಗಿದ್ದರೂ ಮೇಲಕ್ಕೆ ಹೋಗಲೇಬೇಕಿತ್ತು. 'ನಾನು ಆಡ್ತಿಲ್ಲ, ಹತ್ತುತ್ತಿದ್ದೇನೆ' ಅಂತ ಯಾರಿಗಾದರೂ ಹೇಳಬಹುದಿತ್ತು. ಅದೇ ಪಿಯಾನೋ ಕೀಲಿಗಳನ್ನು ಚೌಕದ ನಟ್ಟನಡುವೆ ಹಾಸಿದ್ದರೆ ಮಕ್ಕಳು ಬರುತ್ತಿದ್ದರು, ಫೈಲು ಹಿಡಿದವರು ಸುತ್ತಿ ಹೋಗುತ್ತಿದ್ದರು.

ಇನ್ನೊಂದು ಬಗೆಯ ನೆಪ ಇದೆ, ಅದು ಇನ್ನೂ ಗಟ್ಟಿ: ವಸ್ತುವಿಗೆ ನಮ್ಮ ಸಹಾಯ ಬೇಕು ಅನ್ನುವುದು. 2009ರಲ್ಲೇ ಕೇಸಿ ಕಿನ್ಜರ್ ಅನ್ನುವ ವಿನ್ಯಾಸಕಿ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಪುಟ್ಟ ರೋಬೋ ಒಂದನ್ನು ಬಿಟ್ಟರು. ರಟ್ಟಿನ ಮೈ, ಅದರ ಮೇಲೆ ಬರೆದ ನಗುಮುಖ, ತಾನು ಎಲ್ಲಿಗೆ ಹೋಗಬೇಕು ಅಂತ ಬರೆದ ಬಾವುಟ. ಅದಕ್ಕೆ ಬರುತ್ತಿದ್ದದ್ದು ನೇರ ಹೋಗುವುದೊಂದೇ. ಕಲ್ಲಿಗೆ ಸಿಕ್ಕಿಕೊಂಡರೆ ಅಲ್ಲೇ, ಬೆಂಚಿನ ಕೆಳಗೆ ಹೊಕ್ಕರೆ ಅಲ್ಲೇ. ಪಾರ್ಕಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅದು 42 ನಿಮಿಷದಲ್ಲಿ ತಲುಪಿತು, 29 ಮಂದಿಯ ಕೈ ಹಿಡಿದು. ಒಬ್ಬರಂತೂ ಆ ಕಡೆ ರಸ್ತೆ ಇದೆ, ಹೋಗಬಾರದು ಅಂತ ರೋಬೋಗೇ ಗಟ್ಟಿಯಾಗಿ ಹೇಳಿ ಅದನ್ನು ಹಿಂದಕ್ಕೆ ತಿರುಗಿಸಿದರು. ನನಗೆ ಇದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ. ರಟ್ಟಿನ ಪೆಟ್ಟಿಗೆಯ ಜೊತೆ ಪಾರ್ಕಿನಲ್ಲಿ ಮಾತಾಡುವ ದೊಡ್ಡ ಮನುಷ್ಯ! ಆಡುವುದಕ್ಕೆ ಅಪ್ಪಣೆ ಬೇಕಾದೀತು, ಕಷ್ಟದಲ್ಲಿರುವುದಕ್ಕೆ ನೆರವಾಗಲು ಬೇಡ. ಆ ಒಂದು ಕ್ಷಣ ಅವರು ಸುತ್ತ ನೋಡುವುದನ್ನೇ ಮರೆತಿರಬೇಕು.

ಕೆನಡಾದ ಮಾಂಟ್ರಿಯಲ್ ನಗರದ ಜೋಕಾಲಿಗಳ ಬಗ್ಗೆಯೂ ಒಂದು ಮಾತು. 2011ರಲ್ಲಿ ಅಲ್ಲಿ 21 ಜೋಕಾಲಿಗಳನ್ನು ಸಾಲಾಗಿ ತೂಗುಹಾಕಿದರು. ಒಬ್ಬರೇ ತೂಗಿದರೆ ಬಿಡಿ ಸ್ವರ, ಅಕ್ಕಪಕ್ಕದವರು ಲಯ ಹೊಂದಿಸಿ ಒಟ್ಟಿಗೆ ತೂಗಿದರೆ ಮಾತ್ರ ಒಂದು ರಾಗ. ಇಲ್ಲಿ ಅಪರಿಚಿತರು ಪ್ರೇಕ್ಷಕರಲ್ಲ, ಅವರಿಲ್ಲದೆ ಹಾಡೇ ಪೂರ್ತಿಯಾಗುವುದಿಲ್ಲ. ಪಕ್ಕದವರು ನೋಡುತ್ತಾರಾ ಅನ್ನುವ ಅಳುಕನ್ನು ಪಕ್ಕದವರು ಬರಲಿ ಅನ್ನುವ ಕಾಯುವಿಕೆಯಾಗಿ ಬದಲಿಸಿದ ಈ ಜಾಣತನ ನನಗೆ ತುಂಬಾ ಇಷ್ಟ.

ಕಾಣದೇ ಹೋದವರ ಮಾತಿಗೆ ಮರಳುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ಅಂಗಳದಲ್ಲಿ ಬಣ್ಣದ ಬಟ್ಟೆ ತೊಟ್ಟ ವಿದೂಷಕನೊಬ್ಬನನ್ನು ಒಂಟಿಚಕ್ರದ ಸೈಕಲ್ಲಿನ ಮೇಲೆ ಓಡಾಡಿಸಿ, ಅಲ್ಲಿಂದ ದಾಟಿ ಬಂದವರನ್ನು ಅವನನ್ನು ಕಂಡಿರಾ ಅಂತ ಕೇಳಿದ ಅಧ್ಯಯನವೊಂದಿದೆ. ಫೋನಿನಲ್ಲಿ ಮಾತಾಡುತ್ತಾ ಹೋದವರಲ್ಲಿ ಕಂಡವರು 100ಕ್ಕೆ 25. ಒಂಟಿಯಾಗಿ ನಡೆದವರಲ್ಲಿ 51. ಕಿವಿಯಲ್ಲಿ ಹಾಡು ಇಟ್ಟುಕೊಂಡವರಲ್ಲಿ 61. ಇಬ್ಬರು ಜೊತೆಯಾಗಿ ಮಾತಾಡುತ್ತಾ ಹೋದವರಲ್ಲಿ 71. ಫೋನಿನ ಮೇಲೆ ಕೋಪ ಮಾಡಿಕೊಳ್ಳಲು ಇದು ಸಾಕು, ನನಗೆ ಬೇಕಾದದ್ದು ಕೊನೆಯ ಅಂಕಿ. ಜೊತೆಗೊಬ್ಬರಿದ್ದಾಗ ಕಣ್ಣು ನಾಲ್ಕು, ಕಂಡದ್ದನ್ನು ತೋರಿಸಲು ಮೊಣಕೈ ತಿವಿಯುವ ಕೈಯೂ ಇರುತ್ತದೆ. ಆಟವಾಡಲಷ್ಟೇ ಅಲ್ಲ, ಆಟ ಕಣ್ಣಿಗೆ ಬೀಳಲೂ ಇನ್ನೊಬ್ಬರು ಬೇಕು.

ಹಾಗಂತ ನಿಲ್ಲದವರನ್ನೆಲ್ಲ ನಾನು ದೂರುವುದಿಲ್ಲ. ಬೆಂಚಿನ ಮೇಲೆ ಕೂತಿದ್ದವಳು ನಾನು, ನನಗೆ ಹೊತ್ತಿತ್ತು. ಆಸ್ಪತ್ರೆಗೆ ಓಡುವವರಿಗೆ, ಪಾಳಿಗೆ ತಡವಾದವರಿಗೆ ನೆಲದ ಮೇಲಿನ ಚಾಕ್‌ಪೀಸ್ ಗೆರೆ ಚಾಕ್‌ಪೀಸ್ ಗೆರೆಯೇ. ಇದಕ್ಕಿಂತ ಕಹಿಯಾದ ಇನ್ನೊಂದು ಸತ್ಯವೂ ಇದೆ. ಸುತ್ತಲಿನ ಕಣ್ಣುಗಳು ಎಲ್ಲರನ್ನೂ ಒಂದೇ ಥರ ನೋಡುವುದಿಲ್ಲ. ಒಳ್ಳೆಯ ಬಟ್ಟೆಯವರು ಜೋಕಾಲಿಯಲ್ಲಿ ಕೂತರೆ ಎಷ್ಟು ಮುದ್ದಾಗಿದೆ ಅನ್ನುವವರು, ಹರಿದ ಬಟ್ಟೆಯವರು ಕೂತರೆ ಕಾವಲುಗಾರನನ್ನು ಕರೆಯುತ್ತಾರೆ. ಕತ್ತಲಾದ ಮೇಲೆ ಹೆಂಗಸೊಬ್ಬಳು ಅದೇ ಜೋಕಾಲಿ ಹತ್ತುವ ಮುಂಚೆ ಹಾಕುವ ಲೆಕ್ಕ ಪೂರ್ತಿ ಬೇರೆ. ಹದಿಹರೆಯದ ಹುಡುಗರ ಗುಂಪು ಹತ್ತಿದರೆ ಅದು ಆಟವಾಗಿ ಉಳಿಯದೆ ಪುಂಡಾಟ ಅನ್ನಿಸಿಕೊಳ್ಳುತ್ತದೆ. ಎಲ್ಲರಿಗೂ ಅಂತ ಇಟ್ಟ ವಸ್ತುವಿನ ಮುಂದೆ ಯಾರ್ಯಾರು ನಿಲ್ಲಲಿಲ್ಲ ಅನ್ನುವುದನ್ನೂ ಎಣಿಸಬೇಕು.

ವಸ್ತುವಿಗೂ ಹೀಗೇ. 2007ರ ಜನವರಿ 31ರಂದು ಬಾಸ್ಟನ್ ನಗರ ಒಂದು ಕಾರ್ಟೂನ್ ಚಿತ್ರಕ್ಕೆ ಹೆದರಿ ನಿಂತುಬಿಟ್ಟಿತ್ತು. ಟಿವಿ ಕಾರ್ಯಕ್ರಮವೊಂದರ ಪ್ರಚಾರಕ್ಕೆ ಅಲ್ಲಲ್ಲಿ ಅಂಟಿಸಿದ್ದ, ಎಲ್‌ಇಡಿ ದೀಪಗಳಲ್ಲಿ ಕಾರ್ಟೂನ್ ಪಾತ್ರ ಮೂಡಿಸಿದ್ದ ಹಲಗೆಗಳನ್ನು ಬಾಂಬ್ ಇರಬಹುದು ಅಂತ ಶಂಕಿಸಿ ಸೇತುವೆ, ರಸ್ತೆಗಳನ್ನು ಮುಚ್ಚಿದರು. ಅಂಥವೇ ಹಲಗೆಗಳು ಇನ್ನೂ ಒಂಬತ್ತು ನಗರಗಳಲ್ಲಿ ಇದ್ದವು, ಅಲ್ಲಿ ಇಂಥ ಗಾಬರಿ ಆಗಲಿಲ್ಲ. ಹೆದರಿದವರನ್ನು ನಗೆಪಾಟಲು ಮಾಡುವುದು ಸುಲಭ, ಆದರೆ ತಂತಿ ಕಾಣುವ ಅನಾಥ ವಸ್ತುವನ್ನು ಕಂಡು ಅನುಮಾನ ಪಡಬೇಕು ಅಂತ ಅವರಿಗೆ ವರ್ಷಗಳಿಂದ ಹೇಳಿಕೊಡಲಾಗಿತ್ತು. ಯಾರು ಇಟ್ಟರು ಅಂತ ತಿಳಿಯದ ವಸ್ತುವಿನಲ್ಲಿ ಅಚ್ಚರಿಯೂ ಭಯವೂ ಒಟ್ಟಿಗೇ ಇರುತ್ತವೆ. ಚಾಕ್‌ಪೀಸಿನ ಗೆರೆಗೆ ಈ ತೊಂದರೆ ಇಲ್ಲ. ತಿರುಗಾಮುರುಗಾ ಏಳೇ ಸಾಕ್ಷಿ, ಬರೆದದ್ದು ಮಕ್ಕಳು.

ಭಯವೇ ಕಾನೂನಾಗಿದ್ದ ಜಾಗದಲ್ಲಿ ಆಟ ಏನು ಮಾಡಬಲ್ಲದು ಅನ್ನುವುದಕ್ಕೆ ಪೋಲೆಂಡಿನ ವ್ರೋತ್ಸ್ವಾಫ್ ನಗರದ ಕಥೆ ಇದೆ. 1981ರ ಡಿಸೆಂಬರಿನಲ್ಲಿ ಅಲ್ಲಿ ಸೇನಾಡಳಿತ ಹೇರಿದರು. ಜನ ಗೋಡೆಗಳ ಮೇಲೆ ಸರ್ಕಾರದ ವಿರುದ್ಧ ಘೋಷಣೆ ಬರೆದರೆ ಆಡಳಿತ ಅದರ ಮೇಲೆ ಬಣ್ಣ ಬಳಿಯುತ್ತಿತ್ತು. ಊರಿನ ತುಂಬಾ ಗೋಡೆಗಳಿಗೆ ತೇಪೆ. ವಾಲ್ಡೆಮಾರ್ ಫಿದ್ರಿಖ್ ಅನ್ನುವ ಕಲಾವಿದ ಮತ್ತು ಅವರ ಗೆಳೆಯರು 1982ರಿಂದ ಆ ತೇಪೆಗಳ ಮೇಲೆ ಟೋಪಿ ತೊಟ್ಟ ಕುಳ್ಳರ ಚಿತ್ರ ಬರೆಯತೊಡಗಿದರು. ಘೋಷಣೆಯಿಲ್ಲ, ಬೈಗುಳವಿಲ್ಲ, ಅಜ್ಜಿಕಥೆಯ ಕುಳ್ಳ. ಆದರೆ ದಾರಿಹೋಕರಿಗೆ ಆ ತೇಪೆಯ ಅಡಿಯಲ್ಲಿ ಏನಿತ್ತು ಅಂತ ಗೊತ್ತಿತ್ತು. ಅವರು ನಕ್ಕರೆ ಅದಕ್ಕೆ ಯಾವ ಕಲಮಿನಡಿ ಶಿಕ್ಷೆ? 1988ರ ಜೂನ್ 1ರಂದು ಕಿತ್ತಳೆ ಟೋಪಿ ತೊಟ್ಟು ಅದೇ ಊರಿನ ಬೀದಿಗಿಳಿದವರು 10,000ಕ್ಕೂ ಹೆಚ್ಚು. ನೋಡುವ ಕಣ್ಣುಗಳಿಗೆ ಹೆದರಿ ಕುಗ್ಗಿದ್ದ ಊರು ಅವತ್ತು ನೋಡಲಿ ಅಂತಲೇ ಹೊರಗೆ ಬಂದಿತ್ತು.

ಆ ಚಳವಳಿಯ ನೆನಪಿಗೆ 2001ರಲ್ಲಿ ಅಲ್ಲೊಂದು ಕಂಚಿನ ಕುಳ್ಳನನ್ನು ನಿಲ್ಲಿಸಿದರು. 2005ರಿಂದ ಇನ್ನೂ ಪುಟ್ಟ ಕುಳ್ಳರು ಬಂದರು, ಇವತ್ತು ನೂರಾರು ಇದ್ದಾರೆ. ಮೊಣಕಾಲಿಗೂ ಬಾರದಷ್ಟು ಎತ್ತರ. ಒಬ್ಬನ ಮುಖ ನೋಡಬೇಕಾದರೆ ದೊಡ್ಡವರು ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂರಲೇಬೇಕು. ಆಳೆತ್ತರದ ಪೀಠದ ಮೇಲಿನ ಪ್ರತಿಮೆಗಳು ನಮ್ಮ ಕತ್ತನ್ನು ಮೇಲಕ್ಕೆ ಎತ್ತಿಸುತ್ತವೆ. ಇವು ನಮ್ಮನ್ನು ಮಗುವಿನ ಎತ್ತರಕ್ಕೆ ಇಳಿಸುತ್ತವೆ. ಕುಕ್ಕರಗಾಲಲ್ಲಿ ಕೂತ ಮೇಲೆ ಘನತೆ ಕಾಪಾಡುವ ಪ್ರಶ್ನೆ ಮುಗಿದಂತೆ.

ಹೀಗೆ ಬರೆಯುತ್ತಾ ಹೋದರೆ ಆ ಬೆಂಚನ್ನು ಮರೆತೇಬಿಡುತ್ತೇನೆ. ಯುವತಿ ಬ್ಯಾಗ್ ತೆಗೆದುಕೊಂಡು, "ಬರ್ತೀನಿ ತಾತ" ಅಂತ ಹೇಳಿ ಹೊರಟಳು, ತನ್ನ ತಾತನಿಗೇ ಹೇಳುವ ಹಾಗೆ. ಹುಡುಗಿ ಇನ್ನೊಂದು ಸುತ್ತು ಆಡಿ, ಕಲ್ಲಿನ ಚೂರನ್ನು ಎಲ್ಲೋ ಎಸೆದು, ಮುಂದಕ್ಕೆ ಓಡಿದಳು. ತಾತ ಅವಳ ಹಿಂದೆ ನಾಲ್ಕು ಹೆಜ್ಜೆ ಹೋದವರು ನಿಂತರು. ವಾಪಸ್ ಬಂದರು. ಗೋಡೆಯ ಬುಡದಲ್ಲಿ ಬಿದ್ದಿದ್ದ ಕಲ್ಲಿನ ಚೂರನ್ನು, ಮಾತು ಕೇಳದ ಆ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ನಿಧಾನವಾಗಿ ಬಗ್ಗಿ ಎತ್ತಿಕೊಂಡರು. ಅದನ್ನು ಮೊದಲನೇ ಮನೆಯ ಹೊರಗೆ, ಜನ ಬರುವ ದಿಕ್ಕಿಗೆ, ಕಾಲಿಗೆ ಎಡವದ ಹಾಗೆ ಆದರೆ ಕಣ್ಣಿಗೆ ಬೀಳುವ ಹಾಗೆ ಇಟ್ಟರು. ಸರಿಯಾಗಿದೆಯಾ ಅಂತ ಒಮ್ಮೆ ನೋಡಿ, ಬೆರಳ ತುದಿಯಿಂದ ಸ್ವಲ್ಪ ಈಚೆಗೆ ಸರಿಸಿದರು.

ಆಮೇಲೆ ತಲೆಯೆತ್ತಿದಾಗ ನನ್ನ ಕಣ್ಣಿಗೆ ಸಿಕ್ಕರು. ಈ ಸಲ ನಾನು ಫೋನಿನತ್ತ ಮುಖ ತಿರುಗಿಸಲಿಲ್ಲ.